ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕ್: ಅತ್ತೆ ಮಾವನ ಜೊತೆ ಟೆಂಟಿನಲ್ಲಿ ಉಳಿಯಬಹುದಾ?

ಶರಾವತಿ_ತೀರ
ಎಲ್ಲರಿಗೂ ನಮಸ್ಕಾರ. ನಾವಿರುವುದು ಶಿಕಾಗೋ ಪಕ್ಕದ ಒಂದು ಉಪನಗರದಲ್ಲಿ. ಸಾಗರದಿಂದ ಅತ್ತೆ ಮಾವ ಬಂದಿದ್ದಾರೆ, ಅಕ್ಟೋಬರ್ ಕೊನೆಯವರೆಗೆ ಇರುತ್ತಾರೆ. ಮಾಲ್, ದೇವಸ್ಥಾನ, ಡೌನ್‌ಟೌನ್ ಎಲ್ಲ ಮುಗಿಯಿತು. ಮಾವ ಇಡೀ ಜೀವನ ತೋಟದಲ್ಲಿ ಕಳೆದವರು, ಮನೆಯಲ್ಲಿ ಕೂತು ಕೂತು ಬೇಜಾರಾಗಿದ್ದಾರೆ. ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್‌ಗೆ ಕರೆದುಕೊಂಡು ಹೋಗೋಣ ಅಂತ ಯೋಚನೆ. ನಮ್ಮ ಮನೆಯವರು ವಿಸ್ಕಾನ್ಸಿನ್ ಡೆಲ್ಸ್‌ನಲ್ಲಿ ಹೋಟೆಲ್ ಮಾಡಿ, ಬೆಳಿಗ್ಗೆ ಕೆರೆಗೆ ಹೋಗಿ ಸಂಜೆ ವಾಪಸ್ ಬರೋಣ ಅನ್ನುತ್ತಾರೆ. ನನಗೆ ಪಾರ್ಕಿನಲ್ಲೇ ಎರಡು ರಾತ್ರಿ ಟೆಂಟ್ ಹಾಕಬೇಕು ಅಂತ ಆಸೆ. ಮಾವನಿಗೆ 71, ಚೆನ್ನಾಗಿ ನಡೆಯುತ್ತಾರೆ. ಅತ್ತೆಗೆ ಮಂಡಿ ನೋವು. ಮಕ್ಕಳಿಗೆ 9 ಮತ್ತು 5. ಯಾವ ಕ್ಯಾಂಪ್‌ಗ್ರೌಂಡ್ ಒಳ್ಳೆಯದು? ಊಟ ಹೇಗೆ? ಬಾತ್‌ರೂಮ್ ಹೇಗಿದೆ? ಇದು ಹುಚ್ಚು ಆಸೆಯಾದರೆ ಅದನ್ನೂ ಹೇಳಿ.

ಉಪ್ಪಿಟ್ಟು_ಪ್ರಿಯ
ಹುಚ್ಚು ಆಸೆ. ಹೋಟೆಲ್ ಮಾಡಿ. ಡೆಲ್ಸ್‌ನಿಂದ ಕೆರೆಗೆ ಅರ್ಧ ಗಂಟೆ ಅಷ್ಟೇ. ಮಕ್ಕಳಿಗೆ ವಾಟರ್‌ಪಾರ್ಕ್ ಆಯಿತು, ಹಿರಿಯರಿಗೆ ಹಾಸಿಗೆ ಆಯಿತು. ಮಂಡಿ ನೋವಿನವರನ್ನು ನೆಲದ ಮೇಲೆ ಮಲಗಿಸುತ್ತೀರಾ?

ಮ್ಯಾಡಿಸನ್_ಮಲೆನಾಡಿಗ
ಉಪ್ಪಿಟ್ಟು ಸರ್, ಹಾಸಿಗೆಯ ಮಾತು ಒಪ್ಪುತ್ತೇನೆ. ಆದರೆ ಆ ಪಾರ್ಕ್‌ಗೆ ಹಗಲು ಹೋಗಿ ಬರುವವರಿಗೆ ಸಿಗುವುದು ಅದರ ಅತಿ ಕೆಟ್ಟ ಹೊತ್ತು. ವಿಸ್ಕಾನ್ಸಿನ್‌ನಲ್ಲಿ ಅತಿ ಹೆಚ್ಚು ಜನ ಬರುವ ಸ್ಟೇಟ್ ಪಾರ್ಕ್ ಅದು, ವರ್ಷಕ್ಕೆ 20 ಲಕ್ಷಕ್ಕೂ ಮೇಲೆ. ಕೆರೆ ಇರುವುದು ಬರೀ 360 ಎಕರೆ. ಬೇಸಿಗೆಯ ಶನಿವಾರ ಬೆಳಿಗ್ಗೆ 11ಕ್ಕೆ ಬಂದರೆ ಪಾರ್ಕಿಂಗ್ ಹುಡುಕುವುದರಲ್ಲೇ ಮಕ್ಕಳು ಅಳಲು ಶುರುಮಾಡುತ್ತಾರೆ. ಅದೇ ಜಾಗದಲ್ಲಿ ಬೆಳಿಗ್ಗೆ 6.30ಕ್ಕೆ ದಡದಲ್ಲಿ ನಿಂತು ನೋಡಿ. ನೀರಿನ ಮೇಲೆ ಮಂಜು, ಎರಡೂ ಕಡೆ ಸುಮಾರು 500 ಅಡಿ ಎತ್ತರದ ಬಂಡೆಯ ಗುಡ್ಡ, ಒಬ್ಬಿಬ್ಬರು ಮೀನು ಹಿಡಿಯುವವರು. ಸಂಜೆ 6ರ ನಂತರವೂ ಹಾಗೆಯೇ, ಬಂದವರೆಲ್ಲ ಕಾರು ಹತ್ತಿ ಹೋಗಿರುತ್ತಾರೆ. ಆ ಎರಡು ಹೊತ್ತು ಬೇಕಾದರೆ ಒಳಗೇ ಉಳಿಯಬೇಕು. ಹೋಟೆಲಿನವರು ಬ್ರೇಕ್‌ಫಾಸ್ಟ್ ಮುಗಿಸಿ ಹೊರಡುವಷ್ಟರಲ್ಲಿ ಮೊದಲನೆಯದು ಮುಗಿದಿರುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಟೆಂಟ್ ಜಿಪ್ ತೆಗೆದರೆ ಕೆರೆ ಕಾಣುವುದಿಲ್ಲ. ಯಾವ ಕ್ಯಾಂಪ್‌ಗ್ರೌಂಡೂ ದಡದ ಮೇಲಿಲ್ಲ. ಮೂರಿವೆ: ಕ್ವಾರ್ಟ್ಜೈಟ್, ನಾರ್ದರ್ನ್ ಲೈಟ್ಸ್, ಐಸ್ ಏಜ್. ಒಟ್ಟು 400ಕ್ಕೂ ಹೆಚ್ಚು ಸೈಟ್, ಅಂದರೆ ಟೆಂಟ್ ಹಾಕುವ ಜಾಗ. ಕ್ವಾರ್ಟ್ಜೈಟ್ ಬಯಲು ಬಯಲಾಗಿದೆ, ಮರದ ಮರೆ ಕಡಿಮೆ, ಪಕ್ಕದವರ ತಟ್ಟೆಯಲ್ಲಿ ಏನಿದೆ ಅಂತ ಕಾಣುತ್ತದೆ. ಆದರೆ ಉತ್ತರದ ದಡಕ್ಕೆ ನಡೆದು ಹೋಗಬಹುದು, ಕರೆಂಟ್ ಇರುವ ಸೈಟುಗಳೂ ಸಿಗುತ್ತವೆ. ಐಸ್ ಏಜ್ ಕಾಡಿನೊಳಗಿದೆ, ಚೆಂದ, ಆದರೆ ಕೆರೆಗೆ ದೂರ, ಕರೆಂಟ್ ಮರೆತುಬಿಡಿ. ನಿಮ್ಮ ಅತ್ತೆಯವರ ಲೆಕ್ಕದಲ್ಲಿ ಕ್ವಾರ್ಟ್ಜೈಟೇ ಸರಿ, ಶೌಚಾಲಯಕ್ಕೆ ಹತ್ತಿರದ ಸೈಟ್ ನೋಡಿ. ತೀರಾ ಪಕ್ಕದ್ದೂ ಬೇಡ, ರಾತ್ರಿಯೆಲ್ಲ ಬಾಗಿಲು ಬಡಿಯುವ ಸದ್ದು.

ಸುಮ್ನೆ_ಓದೋನು
ಬುಕಿಂಗ್ 11 ತಿಂಗಳು ಮೊದಲೇ ತೆರೆಯುತ್ತದೆ. ಈಗ ಹೋಗಿ ವಾರಾಂತ್ಯದ ಸೈಟ್ ಕೇಳಿದರೆ ಸಿಗುವುದು ಕಷ್ಟ.

ಗದಗ_ಟು_ಗ್ರೀನ್‌ಬೇ
ಕಷ್ಟ ಖರೆ, ಆದರೆ ಆಗದ ಮಾತಲ್ಲ ರೀ. ಮಳೆ ಅಂತ ಹವಾಮಾನದಲ್ಲಿ ತೋರಿಸಿದ ಕೂಡಲೇ ಜನ ಕ್ಯಾನ್ಸಲ್ ಮಾಡುತ್ತಾರೆ. ಬುಧವಾರ, ಗುರುವಾರ ಬೆಳಿಗ್ಗೆ ಎದ್ದು ಬುಕಿಂಗ್ ವೆಬ್‌ಸೈಟ್ ತೆರೆದು ನೋಡಿ. ಭಾನುವಾರ ರಾತ್ರಿಯಿಂದ ಮೇಲೆ ಖಾಲಿ ಸಿಗುವುದು ಜಾಸ್ತಿ. ಮಕ್ಕಳಿಗೆ ಸೋಮವಾರ ಒಂದು ದಿನ ರಜೆ ಹಾಕಿಸಿ, ಏನೂ ಮುಳುಗಿ ಹೋಗುವುದಿಲ್ಲ.

ಮತ್ತೆ ಇಲಿನಾಯ್ ನಂಬರ್ ಪ್ಲೇಟ್ ಇದ್ದರೆ ಪ್ರವೇಶದ ಸ್ಟಿಕರ್‌ಗೆ ಇಲ್ಲಿನವರಿಗಿಂತ ಜಾಸ್ತಿ ದುಡ್ಡು. ಸೈಟಿನ ಬಾಡಿಗೆಯಲ್ಲಿ ಅದು ಸೇರಿರುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು. ಒಂದು ಸೈಟಿಗೆ ಒಂದು ಕುಟುಂಬ, ಇಲ್ಲವೇ ಹೆಚ್ಚೆಂದರೆ 6 ಜನ. ನೀವು ಸರಿಯಾಗಿ 6 ಜನ, ಚಿಂತೆ ಇಲ್ಲ.

ಶರಾವತಿ_ತೀರ
ಥ್ಯಾಂಕ್ಸ್. ಸೆಪ್ಟೆಂಬರ್ ಮಧ್ಯವೋ, ಅಕ್ಟೋಬರ್ ಎರಡನೇ ವಾರದ ಲಾಂಗ್ ವೀಕೆಂಡೋ? ಎಲೆಗಳ ಬಣ್ಣ ತೋರಿಸಬೇಕು ಅಂತಲೂ ಇದೆ.

ಮಿಲ್ವಾಕಿ_ಮೈಸೂರಿಗ
ಬಣ್ಣ ಬೇಕಾದರೆ ಅಕ್ಟೋಬರ್ ಮಧ್ಯವೇ. ಮೇಪಲ್, ಓಕ್ ಎಲ್ಲ ಸೇರಿ ಗುಡ್ಡ ಹೊತ್ತಿ ಉರಿಯುತ್ತದೆ. ಫೋಟೋಗೆ ಅದಕ್ಕಿಂತ ಒಳ್ಳೆಯ ವಾರ ಇಲ್ಲ.

ಮ್ಯಾಡಿಸನ್_ಮಲೆನಾಡಿಗ
ಫೋಟೋಗೆ ಸರಿ, ಮಲಗೋದು? ಅಕ್ಟೋಬರ್ ಮಧ್ಯದಲ್ಲಿ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರಕ್ಕೂ ಇಳಿಯಬಹುದು. ಸಾಗರದವರಿಗೆ ಚಳಿ ಅಂದರೆ 15 ಡಿಗ್ರಿ. ಮೇಲಾಗಿ ಆ ವಾರಾಂತ್ಯದಲ್ಲಿ ಜುಲೈನಷ್ಟೇ ಜನ. ನನ್ನ ಮಾತು ಕೇಳಿದರೆ ಸೆಪ್ಟೆಂಬರ್ ಮಧ್ಯ ಟೆಂಟಿಗೆ, ಅಕ್ಟೋಬರ್ ಬಣ್ಣಕ್ಕೆ ಒಂದು ವಾರದ ದಿನ ಬೆಳಿಗ್ಗೆ ಬೇಗ ಬಂದು ಹೋಗುವುದು. ಎರಡನ್ನೂ ಒಂದೇ ಟ್ರಿಪ್ಪಿನಲ್ಲಿ ಸೇರಿಸಬೇಡಿ.

ನೆಲದ ಮೇಲೆ ಮಲಗುವ ಬಗ್ಗೆ: ಅತ್ತೆ ಮಾವನಿಗೆ ಮಡಚುವ ಕ್ಯಾಂಪ್ ಮಂಚ ತೆಗೆದುಕೊಳ್ಳಿ. ಕುರ್ಚಿಯ ಎತ್ತರ ಇರುತ್ತದೆ, ಮಂಡಿ ಮಡಚದೆ ಏಳಬಹುದು. ಗಾಳಿ ತುಂಬಿದ ಹಾಸಿಗೆ ಬೇಡವೇ ಬೇಡ. ಒಳಗಿನ ಗಾಳಿ ತಣ್ಣಗಾಗಿ ಬೆನ್ನು ಸೆಟೆದುಕೊಳ್ಳುತ್ತದೆ. ಮಂಚದ ಮೇಲೆ ಒಂದು ಫೋಮ್ ಮ್ಯಾಟ್, ಅದರ ಮೇಲೆ ಮನೆಯ ರಜಾಯಿ. ಒಳಗೆ ನಿಲ್ಲಲು ಆಗುವಷ್ಟು ಎತ್ತರದ ಟೆಂಟ್ ಇರಲಿ, ಬಗ್ಗಿ ಸೀರೆ ಉಡುವುದು ಯಾರಿಂದಲೂ ಆಗದ ಕೆಲಸ.

ಉಪ್ಪಿಟ್ಟು_ಪ್ರಿಯ
ಇಷ್ಟೆಲ್ಲ ಸರ್ಕಸ್ ಮಾಡುವ ಬದಲು ಕ್ಯಾಬಿನ್ ಇಲ್ವಾ?

ಮಿಲ್ವಾಕಿ_ಮೈಸೂರಿಗ
ಪಕ್ಕದ ಮಿರರ್ ಲೇಕ್ ಸ್ಟೇಟ್ ಪಾರ್ಕ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1958ರಲ್ಲಿ ವಿನ್ಯಾಸ ಮಾಡಿದ ಸೇತ್ ಪೀಟರ್ಸನ್ ಕಾಟೇಜ್ ಇದೆ, ರಾತ್ರಿ ಬಾಡಿಗೆಗೆ ಕೊಡುತ್ತಾರೆ. ಕಲ್ಲು, ಗಾಜು, ಮರದ ಪುಟ್ಟ ಮನೆ. ಆದರೆ 6 ಜನರ ಸಂಸಾರಕ್ಕೆ ಅದು ಸಣ್ಣದು, ಬುಕಿಂಗ್ ಕೂಡ ತುಂಬಾ ಮೊದಲೇ ಹೋಗಿಬಿಡುತ್ತದೆ. ಮದುವೆಯ ವಾರ್ಷಿಕೋತ್ಸವಕ್ಕೆ ಗಂಡ ಹೆಂಡತಿ ಹೋಗುವ ಜಾಗ.

ಸರ್ಕಸ್ ಅಂದಿರಲ್ಲ, ಪಾರ್ಕಿನ ಪಕ್ಕದ ಬರಾಬೂ ಊರಿನಲ್ಲೇ ರಿಂಗ್ಲಿಂಗ್ ಸಹೋದರರು 1884ರಲ್ಲಿ ಸರ್ಕಸ್ ಶುರು ಮಾಡಿದ್ದು. ಅಲ್ಲಿ ಸರ್ಕಸ್ ವರ್ಲ್ಡ್ ಅಂತ ಮ್ಯೂಸಿಯಂ ಇದೆ. ಮಳೆ ಬಂದರೆ ಮಕ್ಕಳನ್ನು ಅಲ್ಲಿಗೆ ಸಾಗಹಾಕಿ.

ಕಡೂರು_ಕಾವೇರಿ
ಶರಾವತಿ ಅವರೇ, ಯಾರೂ ಬಾಯಿಬಿಟ್ಟು ಹೇಳದ ವಿಷಯ ನಾನು ಹೇಳುತ್ತೇನೆ. ಫ್ಲಶ್ ಇರುವ ಶೌಚಾಲಯ ಇದೆ, ಬಿಸಿನೀರಿನ ಸ್ನಾನದ ಕೋಣೆ ಇದೆ. ಚೊಂಬು ಇಲ್ಲ. ನನ್ನಮ್ಮ ಬಂದಾಗ ಮುಚ್ಚಳ ಇರುವ ಒಂದು ಲೀಟರ್ ಬಾಟಲಿ ಮತ್ತು ಸಣ್ಣ ಬ್ಯಾಗ್ ಕೊಟ್ಟಿದ್ದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ರಾತ್ರಿಗೆ ಹಣೆಗೆ ಕಟ್ಟುವ ಟಾರ್ಚ್ ಕೊಡಿ, ಒಂದು ಕೈ ಬಿಡುವಾಗಿರುತ್ತದೆ. ಸ್ನಾನಕ್ಕೆ ಹವಾಯಿ ಚಪ್ಪಲಿ. ಬೆಳಿಗ್ಗೆ 8ರಿಂದ 9.30ರ ತನಕ ಸಾಲು, ಮಧ್ಯಾಹ್ನ 2ಕ್ಕೆ ಹೋದರೆ ಖಾಲಿ. ಸ್ನಾನ ಮಾಡದೆ ತಿಂಡಿ ಮುಟ್ಟದ ಅತ್ತೆಯಾದರೆ 6.30ಕ್ಕೇ ಕರೆದುಕೊಂಡು ಹೋಗಿ.

ಶರಾವತಿ_ತೀರ
ಕಾವೇರಿ ಅಕ್ಕಾ, ಇದನ್ನೇ ಕೇಳಬೇಕು ಅಂತಿದ್ದೆ, ಸಂಕೋಚ ಆಗಿತ್ತು. ಅತ್ತೆ ಸ್ನಾನ ಮಾಡದೆ ಕಾಫಿಯನ್ನೂ ಮುಟ್ಟುವುದಿಲ್ಲ!

ಗದಗ_ಟು_ಗ್ರೀನ್‌ಬೇ
ಊಟದ ವಿಷಯಕ್ಕೆ ಬರೋಣ. ಎರಡು ಒಲೆಯ ಪ್ರೊಪೇನ್ ಸ್ಟೌ, ಅದರ ಸಣ್ಣ ಹಸಿರು ಸಿಲಿಂಡರ್ ಎರಡು ಮೂರು. ಮೊದಲ ರಾತ್ರಿಗೆ ಮನೆಯಿಂದಲೇ ಚಪಾತಿ ಪಲ್ಯ, ಟೆಂಟ್ ಹಾಕಿ ಸುಸ್ತಾದ ಮೇಲೆ ಯಾರೂ ಒಲೆ ಹಚ್ಚುವುದಿಲ್ಲ. ಕಟಿ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಮೂರು ದಿನಕ್ಕೂ ಫ್ರಿಜ್ ಬೇಡ, ನಮ್ಮ ಕಡೆಯವರು ಇದನ್ನು ಕ್ಯಾಂಪಿಂಗ್‌ಗೆ ಅಂತಲೇ ಕಂಡುಹಿಡಿದಂತಿದೆ. ಬೆಳಿಗ್ಗೆ ಅವಲಕ್ಕಿ. ಈರುಳ್ಳಿ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿ. ಮೆಕ್ಕೆಜೋಳವನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹಾಕಿ, ಸೆಪ್ಟೆಂಬರ್‌ನಲ್ಲಿ ದಾರಿಬದಿಯ ರೈತರ ಅಂಗಡಿಗಳಲ್ಲಿ ಒಳ್ಳೆಯದು ಸಿಗುತ್ತದೆ.

ಮನೆಯಿಂದ ಕಟ್ಟಿಗೆ ತರಬೇಡಿ. ಇದು ಶಿಸ್ತಿನ ಮಾತಲ್ಲ, ಕಾನೂನು. ಪಾರ್ಕಿನಿಂದ 10 ಮೈಲಿಯ ಒಳಗಿನದು, ಇಲ್ಲವೇ ರಾಜ್ಯ ಪ್ರಮಾಣಪತ್ರ ಕೊಟ್ಟ ಕಟ್ಟಿಗೆ ಮಾತ್ರ ಒಳಗೆ ಬಿಡುತ್ತಾರೆ. ಆಶ್ ಮರ ಕೊಲ್ಲುವ ಹಸಿರು ದುಂಬಿ 2008ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಿಕ್ಕಿತು, ಕಟ್ಟಿಗೆಯೊಳಗೆ ಅದರ ಹುಳು ಕೂತು ಊರೂರು ತಿರುಗುತ್ತದೆ. ತೋಟ ಮಾಡಿದ ನಿಮ್ಮ ಮಾವನಿಗೆ ಇದು ಹೇಳಿದರೆ ತಕ್ಷಣ ತಿಳಿಯುತ್ತದೆ.

ಸುಮ್ನೆ_ಓದೋನು
ಪ್ರೆಶರ್ ಕುಕ್ಕರ್ ಒಯ್ಯಬಹುದಾ? ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಕಡೂರು_ಕಾವೇರಿ
ಒಯ್ಯಬಹುದು. ಆದರೆ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. 6.05ಕ್ಕೆ ಮೂರು ಸೀಟಿ ಹೊಡೆಸಿದರೆ ಕಾನೂನು ನಿಮ್ಮ ಕಡೆ, ಅಕ್ಕಪಕ್ಕದವರು ಅಲ್ಲ.

ಮಿಲ್ವಾಕಿ_ಮೈಸೂರಿಗ
ಸದ್ದಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಹೋದ ವರ್ಷ ನಮ್ಮ ಪಕ್ಕದಲ್ಲಿ ನಮ್ಮ ದೇಶದವರದೇ ದೊಡ್ಡ ಗುಂಪು. ನಾಲ್ಕು ಸೈಟು, ಮಧ್ಯದಲ್ಲಿ ಒಂದು ಸ್ಪೀಕರ್, ರಾತ್ರಿ 12ರ ತನಕ ಅಂತ್ಯಾಕ್ಷರಿ. ರೇಂಜರ್ ಬಂದು ಹೇಳಿ ಹೋದ ಮೇಲೂ ಅರ್ಧ ಗಂಟೆ. ಕೆರೆ ನೋಡಲು ಬಂದವರು ಸುಮ್ನೆ ಒಂದು ರಾತ್ರಿ ಕೂರಲು ಆಗುವುದಿಲ್ಲವಾ? ದೊಡ್ಡ ಗುಂಪಿಗೆ ಬೇರೆಯೇ ಗ್ರೂಪ್ ಕ್ಯಾಂಪ್ ಇದೆ.

ಉಪ್ಪಿಟ್ಟು_ಪ್ರಿಯ
ಅಂತ್ಯಾಕ್ಷರಿ ತಪ್ಪಾ ಸರ್? ವರ್ಷವಿಡೀ ಕಂಪ್ಯೂಟರ್ ಮುಂದೆ ಕೂತವರು ಒಂದು ದಿನ ಜೋರಾಗಿ ಹಾಡಿದರೆ ಅದೂ ಪ್ರಕೃತಿಯೇ.

ಮಿಲ್ವಾಕಿ_ಮೈಸೂರಿಗ
ಹಾಡಿ ಸರ್, 9ರವರೆಗೆ ಹಾಡಿ, ಸ್ಪೀಕರ್ ಇಲ್ಲದೆ ಹಾಡಿ. ಪಕ್ಕದ ಟೆಂಟಿನಲ್ಲಿ ಎಂಟು ತಿಂಗಳ ಕೂಸಿತ್ತು.

ಬಂಡೆ_ಹುಚ್ಚ
ಎಲ್ಲರೂ ಚೊಂಬು, ಕುಕ್ಕರ್ ಅಂತಿದ್ದೀರಿ, ಬಂಡೆಯ ಬಗ್ಗೆ ಒಬ್ಬರೂ ಹೇಳಲಿಲ್ಲ. ಆ ಗುಡ್ಡ ಬರಾಬೂ ಕ್ವಾರ್ಟ್ಜೈಟ್ ಅನ್ನುವ ಕಲ್ಲಿನದು. ಸುಮಾರು 160ರಿಂದ 170 ಕೋಟಿ ವರ್ಷ ಹಳೆಯದು. ಮೊದಲು ಸಮುದ್ರ ತೀರದ ಮರಳಾಗಿತ್ತು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಯಿತು. ಕಬ್ಬಿಣದ ಅಂಶದಿಂದ ಗುಲಾಬಿ, ನೇರಳೆ ಬಣ್ಣ. ಕೆಲವು ಬಂಡೆಗಳ ಮೇಲೆ ಅಲೆ ಮೂಡಿಸಿದ ಏರಿಳಿತದ ಗುರುತು ಇವತ್ತಿಗೂ ಇದೆ, ಮಕ್ಕಳ ಕೈಯಿಂದ ಮುಟ್ಟಿಸಿ. ಕೆರೆ ಮಾತ್ರ ನಿನ್ನೆ ಮೊನ್ನೆಯದು. ಹಿಮಯುಗದ ಕೊನೆಯಲ್ಲಿ ನೀರ್ಗಲ್ಲು (ಗ್ಲೇಸಿಯರ್) ಕಣಿವೆಯ ಎರಡೂ ತುದಿಗೆ ಕಲ್ಲು ಮಣ್ಣು ತಂದು ಸುರಿಯಿತು, ನಡುವೆ ನೀರು ನಿಂತಿತು. ಅದಕ್ಕೇ ಕೆರೆಯಿಂದ ಹೊರಗೆ ಹರಿಯುವ ಹಳ್ಳ ಒಂದೂ ಇಲ್ಲ, ನೀರು ನೆಲದೊಳಗೆ ಇಂಗಿ ಹೋಗುತ್ತದೆ. ಮಾವನವರು ಹೆಮ್ಮೆ ಪಡಲಿ ಅಂದರೆ ಇದನ್ನೂ ಹೇಳಿ: ನಮ್ಮ ಲಾಲ್‌ಬಾಗ್ ಬಂಡೆ ಇದಕ್ಕಿಂತ ಎಷ್ಟೋ ಹಳೆಯದು, ಸುಮಾರು 300 ಕೋಟಿ ವರ್ಷ.

ಇಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರಿಗೆ ಇದು ಪವಿತ್ರ ಜಾಗ. ದಕ್ಷಿಣ ದಡದ ಬಳಿ ಸುಮಾರು ಸಾವಿರ ವರ್ಷದ ಹಿಂದೆ ಮಣ್ಣಿನಲ್ಲಿ ಕಟ್ಟಿದ ದೊಡ್ಡ ಹಕ್ಕಿಯ ಆಕಾರದ ದಿಬ್ಬ ಇದೆ. ಉತ್ತರದಲ್ಲಿ ಕರಡಿಯ ದಿಬ್ಬ. ನೋಡಲು ಹುಲ್ಲಿನ ಸಣ್ಣ ಉಬ್ಬು, ಫಲಕ ಓದದಿದ್ದರೆ ಗೊತ್ತೇ ಆಗುವುದಿಲ್ಲ. ಮಕ್ಕಳು ಅದರ ಮೇಲೆ ಓಡದಂತೆ ನೋಡಿಕೊಳ್ಳಿ.

ಶರಾವತಿ_ತೀರ
ಲಾಲ್‌ಬಾಗ್ ವಿಷಯ ಮಾವನಿಗೆ ಈಗಲೇ ಓದಿ ಹೇಳಿದೆ. "ಹಾಗಾದ್ರೆ ಅಷ್ಟು ದೂರ ಯಾಕೆ ಹೋಗಬೇಕು" ಅಂದರು 😄 ಯಾವ ದಾರಿ ಅವರಿಗೆ ಆಗುತ್ತದೆ? ಅತ್ತೆಗೆ?

ಬಂಡೆ_ಹುಚ್ಚ
ಅತ್ತೆಗೆ ದಕ್ಷಿಣ ದಡದ ಸಮತಟ್ಟು ದಾರಿ. ಅಲ್ಲಿ ನೀರಿನ ಪಕ್ಕ ಮರದ ಹಲಗೆಯ ಸೇತುವೆ ಹಾಕಿದ್ದಾರೆ, ಬೆಂಚು ಇದೆ. ಪಶ್ಚಿಮ ಗುಡ್ಡದ ಬುಡದಲ್ಲಿ ಟಂಬಲ್ಡ್ ರಾಕ್ಸ್ ಟ್ರೇಲ್, ಒಂದು ಮೈಲಿ. ಮನೆ ಗಾತ್ರದ ಬಂಡೆಗಳು ಉರುಳಿ ಬಿದ್ದ ರಾಶಿಯ ನಡುವೆ ಹೋಗುತ್ತದೆ. ಕೋಲು ಹಿಡಿದರೆ ಅತ್ತೆಯವರೂ ಅರ್ಧ ಹೋಗಿ ಬರಬಹುದು.

ಮಾವ ಮತ್ತು ದೊಡ್ಡ ಮಗುವಿಗೆ ಪೂರ್ವದ ಗುಡ್ಡ. ಉತ್ತರದ ಕಡೆಯಿಂದ ಹತ್ತಿ ಅದೇ ದಾರಿಯಲ್ಲಿ ವಾಪಸ್ ಬನ್ನಿ, ಏರು ನಿಧಾನವಾಗಿದೆ. ದಕ್ಷಿಣದ ಬ್ಯಾಲೆನ್ಸ್‌ಡ್ ರಾಕ್ ಟ್ರೇಲ್ ಅರ್ಧ ಮೈಲಿಗಿಂತ ಕಡಿಮೆ, ಆದರೆ ಪೂರ್ತಿ ಕಡಿದಾದ ಕಲ್ಲಿನ ಮೆಟ್ಟಿಲು. ಅದನ್ನು ಹತ್ತಬಹುದು, ಇಳಿಯುವುದು ಬೇಡ. ಮಳೆ ಬಿದ್ದಿದ್ದರೆ ಎರಡೂ ಬೇಡ. ಕ್ವಾರ್ಟ್ಜೈಟ್ ಒದ್ದೆಯಾದರೆ ಎಣ್ಣೆ ಸುರಿದ ಹಾಗೆ. ಮೇಲೆ ಅಂಚಿಗೆ ಕಂಬಿ ಬೇಲಿ ಇಲ್ಲ, 5 ವರ್ಷದ ಮಗುವಿನ ಕೈ ಬಿಡಬೇಡಿ, ಸೆಲ್ಫಿಗಂತೂ ಬೇಡವೇ ಬೇಡ. ಬಂಡೆ ಸಂದಿಗೆ ಕೈ ಹಾಕಬೇಡಿ, ಅಪರೂಪಕ್ಕೆ ಬಾಲದಿಂದ ಗಿಲಕಿಯಂತೆ ಸದ್ದು ಮಾಡುವ ವಿಷದ ಹಾವು ರ್‍ಯಾಟಲ್‌ಸ್ನೇಕ್ ಇರುತ್ತದೆ.

ಕಡೂರು_ಕಾವೇರಿ
ರ್‍ಯಾಟಲ್‌ಸ್ನೇಕ್ ಕಾಣುವುದೇ ಅಪರೂಪ ಬಂಡೆ ಸರ್. ಹಾವಿಗಿಂತ ರಕ್ತ ಹೀರುವ ಉಣ್ಣೆ ಹುಳಕ್ಕೆ ಹೆದರಿ. ಇಲ್ಲಿನ ಜಿಂಕೆ ಉಣ್ಣೆಯಿಂದ ಲೈಮ್ ಕಾಯಿಲೆ ಬರುತ್ತದೆ, ವಿಸ್ಕಾನ್ಸಿನ್‌ನಲ್ಲಿ ಅದು ಸಾಮಾನ್ಯ. ಸಾಗರದವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ, ಮಂಗನ ಕಾಯಿಲೆ ಕಂಡ ಸೀಮೆ ಅದು. ಅದೂ ಉಣ್ಣೆಯಿಂದಲೇ ಬರುವುದು. ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ. ಅತ್ತೆಯವರು ಸೀರೆ ಉಟ್ಟರೆ ಹುಲ್ಲಿನ ದಾರಿ ಬೇಡ, ಹಲಗೆ ಮೇಲೇ ಇರಲಿ. ಸಂಜೆ ಎಲ್ಲರ ಮೈ ನೋಡಿ, ಮಂಡಿ ಹಿಂದೆ, ಕಂಕುಳು, ಕಿವಿಯ ಹಿಂದೆ. ಅಂಟಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸುಣ್ಣ, ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಬೇಗ ತೆಗೆದಷ್ಟೂ ಕಾಯಿಲೆಯ ಭಯ ಕಡಿಮೆ.

ಮ್ಯಾಡಿಸನ್_ಮಲೆನಾಡಿಗ
ಇದಕ್ಕೆ ರಕೂನ್ ಎಂಬ ಕಳ್ಳ ಪ್ರಾಣಿಯನ್ನೂ ಸೇರಿಸಿ. ರಾತ್ರಿ ಒಂದು ಬಿಸ್ಕತ್ ಪ್ಯಾಕೆಟನ್ನೂ ಟೆಂಟಿನೊಳಗೆ ಇಡಬೇಡಿ, ಎಲ್ಲ ಕಾರಿನೊಳಗೆ. ಕೂಲರ್ ಮುಚ್ಚಳ ತೆಗೆಯುವುದು ಅವಕ್ಕೆ ಬರುತ್ತದೆ. ಎದುರು ಸೈಟಿನವರ ಬ್ರೆಡ್ಡನ್ನು ಮರದ ಮೇಲೆ ಕೂತು ನಿಧಾನವಾಗಿ ತಿನ್ನುತ್ತಿತ್ತು. ಅವರು ಕೆಳಗೆ ನಿಂತು ಬೈಯುತ್ತಿದ್ದರು, ಅದು ತಿರುಗಿಯೂ ನೋಡಲಿಲ್ಲ.

ನೀರಿನ ಬಗ್ಗೆ ಎರಡು ಮಾತು. ಉತ್ತರ, ದಕ್ಷಿಣ ಎರಡು ದಡದಲ್ಲೂ ಮರಳಿನ ಬೀಚ್ ಇದೆ, ಲೈಫ್‌ಗಾರ್ಡ್ ಇರುವುದಿಲ್ಲ. ಕೆರೆಯಲ್ಲಿ ಪೆಟ್ರೋಲ್ ಎಂಜಿನ್ ದೋಣಿ ಬಿಡುವುದಿಲ್ಲ, ಬ್ಯಾಟರಿ ಮೋಟಾರ್ ಮಾತ್ರ. ಹಾಗಾಗಿ ಹುಟ್ಟು ಹಾಕುವವರಿಗೆ ಸ್ವರ್ಗ. ಕಯಾಕ್, ಕ್ಯಾನೂ ಬಾಡಿಗೆಗೆ ಸಿಗುತ್ತವೆ. ಮಾವನವರನ್ನು ಕ್ಯಾನೂ ಮಧ್ಯೆ ಕೂರಿಸಿ, ಲೈಫ್ ಜಾಕೆಟ್ ಹಾಕಿಸಿ, ಕೆರೆಯ ನಡುವೆ ನಿಲ್ಲಿಸಿ. ಗುಡ್ಡದ ಪೂರ್ತಿ ಎತ್ತರ ಅಲ್ಲಿಂದಲೇ ತಿಳಿಯುವುದು. ಈಜಿ ಬಂದ ಕೂಡಲೇ ಮಕ್ಕಳ ಮೈ ಟವೆಲ್‌ನಿಂದ ಗಟ್ಟಿಯಾಗಿ ಒರೆಸಿ. ನೀರಿನ ಬಸವನಹುಳದಿಂದ ಬರುವ ಒಂದು ಸಣ್ಣ ಪರಾವಲಂಬಿಯಿಂದ ತುರಿಕೆ ಆಗುವುದುಂಟು, ಅಪಾಯವಿಲ್ಲ, ಕಿರಿಕಿರಿ. ಮೀನು ಹಿಡಿಯಬೇಕಾದರೆ 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು.

ಶರಾವತಿ_ತೀರ
ಎಲ್ಲವನ್ನೂ ಮನೆಯವರಿಗೆ ಓದಿಸಿದೆ. ರಾಜಿ ಆಯಿತು: ಸೆಪ್ಟೆಂಬರ್ ಮಧ್ಯದ ಭಾನುವಾರದಿಂದ ಎರಡು ರಾತ್ರಿ. ಮೊದಲ ರಾತ್ರಿ ಅತ್ತೆಗೆ ಆಗಲಿಲ್ಲ ಅಂದರೆ ಎರಡನೇ ರಾತ್ರಿ ಅವರಿಬ್ಬರು ಮತ್ತು ನಮ್ಮವರು ಬರಾಬೂನಲ್ಲಿ ರೂಮ್. ಮಕ್ಕಳು, ನಾನು ಟೆಂಟಿನಲ್ಲೇ. ಕ್ವಾರ್ಟ್ಜೈಟ್‌ನಲ್ಲಿ ಕರೆಂಟ್ ಇರುವ ಒಂದು ಸೈಟ್ ಸಿಕ್ಕಿದೆ!

ಉಪ್ಪಿಟ್ಟು_ಪ್ರಿಯ
ನಿಮ್ಮವರಿಗೆ ನನ್ನ ಕಡೆಯಿಂದ ಅಭಿನಂದನೆ, ರೂಮ್ ಗಿಟ್ಟಿಸಿಕೊಂಡರು. ಒಂದು ಸಲಹೆ ನನ್ನದೂ ಇರಲಿ. ಬರಾಬೂ ಹತ್ತಿರ ಇಂಟರ್‌ನ್ಯಾಷನಲ್ ಕ್ರೇನ್ ಫೌಂಡೇಶನ್ ಇದೆ, 1973ರಲ್ಲಿ ಶುರುವಾದದ್ದು. ಜಗತ್ತಿನ 15 ಜಾತಿಯ ಕೊಕ್ಕರೆಗಳನ್ನೂ ಒಂದೇ ಕಡೆ ನೋಡಬಹುದು, ನಮ್ಮ ಸಾರಸ್ ಕೂಡ. ಪೂರ್ತಿ ಸಮತಟ್ಟು ದಾರಿ, ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ಜಾಗ. ಬಂಡೆಗಿಂತ ನನಗೆ ಅದೇ ಇಷ್ಟ.

ಬಂಡೆ_ಹುಚ್ಚ
ಕೊಕ್ಕರೆ ಅಲ್ಲ ಸರ್, ಕ್ರೌಂಚ. ಇನ್ನೊಂದು: ಪೂರ್ವದ ದಡದಲ್ಲಿ 1873ರಿಂದ ರೈಲು ಹಳಿ ಇದೆ, ಗೂಡ್ಸ್ ಗಾಡಿ ಈಗಲೂ ಓಡುತ್ತದೆ. ಹಳಿ ಮೇಲೆ ನಡೆಯಬೇಡಿ. ಚಿಕ್ಕ ಮಗು ಗಾಡಿ ನೋಡಿದರೆ ಉಳಿದದ್ದೆಲ್ಲ ಮರೆಯುತ್ತದೆ.

ಸುಮ್ನೆ_ಓದೋನು
ವಾಪಸ್ ಬರುವಾಗ ಮೆರಿಮ್ಯಾಕ್ ಊರಿನ ದಾರಿಯಲ್ಲಿ ಬನ್ನಿ. ವಿಸ್ಕಾನ್ಸಿನ್ ನದಿಯನ್ನು ಕಾರು ಸಮೇತ ದಾಟಿಸುವ ಫೆರ್ರಿ ಇದೆ, ಪುಕ್ಕಟೆ. ಸಿಗಂದೂರಿಗೆ ಲಾಂಚ್‌ನಲ್ಲಿ ಹೋಗಿ ಬಂದ ಸಾಗರದವರಿಗೆ ಇದನ್ನು ತೋರಿಸಲೇಬೇಕು.

ಶರಾವತಿ_ತೀರ
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಅತ್ತೆಗೆ ಈಗಲೇ ಹೇಳಬೇಡಿ ಅಂತ ಮಾವ ಅನ್ನುತ್ತಿದ್ದಾರೆ, ಇಲ್ಲದಿದ್ದರೆ ಮೊದಲ ದಿನವೇ ಅಲ್ಲಿಗೆ ಹೊರಡುತ್ತಾರಂತೆ. ಮಂಗಳವಾರ ಓಡುತ್ತದಾ?

ಮ್ಯಾಡಿಸನ್_ಮಲೆನಾಡಿಗ
ಚಳಿಗಾಲದಲ್ಲಿ ನಿಲ್ಲಿಸುತ್ತಾರೆ, ಸೆಪ್ಟೆಂಬರ್‌ನಲ್ಲಿ ತೊಂದರೆ ಇಲ್ಲ. ಹೊರಡುವ ಮೊದಲು ರಿಪೇರಿ ಏನಾದರೂ ಇದೆಯಾ ಅಂತ ಒಂದು ಸಲ ನೋಡಿಕೊಳ್ಳಿ.